ಏಳನೇ ಇಟ್ಟಿಗೆ

ಮೂವತ್ತು ಮೂವತ್ತು ಮೀಟರಾಗಿ ಅಳೆಯುತ್ತ ಬಂದೆವು.
ಟೇಪಿನ ಒಂದು ತುದಿ ಜವರಾಯಿಯ ಹೆಬ್ಬೆರಳ ಕೆಳಗೆ,
ಇನ್ನೊಂದು ನನ್ನ ಚಪ್ಪಲಿಯ ಕೆಳಗೆ.
ಮಾರಮ್ಮನ ಗುಡಿಯಿಂದ ಹಾಲಿನ ಡೈರಿವರೆಗೆ
ಉದ್ದ ಮುನ್ನೂರ ಹನ್ನೆರಡು,
ಅಗಲ ಮೂರೂಮುಕ್ಕಾಲು,
ದಪ್ಪ ಹದಿನೈದು ಸೆಂಟಿಮೀಟರು ಎನ್ನುತ್ತದೆ ಹಾಳೆ.
ಹಾಳೆ ಏನು ಬೇಕಾದರೂ ಅನ್ನುತ್ತದೆ.
ಅದಕ್ಕೇ ನನ್ನನ್ನು ಕಳಿಸುತ್ತಾರೆ
ಪಾಂಡವಪುರದಿಂದ ನಾಲೆಯ ಏರಿ ಹಿಡಿದು, ಈ ಬೋರೆಕೊಪ್ಪಲಿಗೆ.

ಕೋರ್ ಮಿಷನ್ನು ಗಿರ್ರೆಂದು ಇಳಿದು
ಬೂದಿ ಬಣ್ಣದ ನೀರು ಕಾರಿತು.
ಎತ್ತಿದರೆ ಮೊಣಕೈಯಷ್ಟು ಉದ್ದದ ಒಂದು ಕಂಬ:
ನೆತ್ತಿಗೆ ಈ ವರ್ಷದ ಕಾಂಕ್ರೀಟು,
ಅದಕ್ಕಂಟಿದ ಎರಡು ಪದರ ಡಾಂಬರು,
ನಡುವೆ ಎಳ್ಳಿನಷ್ಟು ದಪ್ಪಕ್ಕೆ ಕೆಮ್ಮಣ್ಣು.
ತಳದ ಜಲ್ಲಿ ಕೈಗೆ ಬರುವ ಮೊದಲೇ ಉದುರಿಹೋಯಿತು.
ಜವರಾಯಿ ಬೆರಳಿಟ್ಟು ಓದಿದ:
"ಇದು ಕಬ್ಬಿನ ಲಾರಿಗೆ ಅಂತ ಹಾಕಿದ್ದು ಮೇಡಮ್.
ಇದು ಎಲೆಕ್ಸನ್‌ದು.
ಇದೂ ಎಲೆಕ್ಸನ್‌ದೇ."

ಕಂಟ್ರಾಕ್ಟರು ನಗಲಿಲ್ಲ.

ಆಗ ಬಂದಳು ಗಿರಣಿಯ ಸಣ್ಣತಾಯಮ್ಮ,
ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಬ್ಬಿನ ತುಂಬ ರಾಗಿ ಹಿಟ್ಟು.
"ದಪ್ಪ ಎಷ್ಟು ಬಂತು ಮೇಡಮ್ಮೋರೆ?"
ಹದಿನಾಲ್ಕೂವರೆ, ಅಂದೆ.
"ಅಂಗಂದ್ರೆ ಎರಡು ಇಟ್ಟಿಗೆ. ಸರಿಯಾಗದೆ ಬುಡಿ,
ನನ್ನ ಲೆಕ್ಕಾನೂ ಅಷ್ಟೇಯ."

ಅವಳ ಲೆಕ್ಕ ನೋಡಲು ನಾನು ಇಳಿಯಬೇಕಾಯಿತು.
ಹತ್ತುವ ಮೆಟ್ಟಿಲು ಮೂರಿದ್ದವಂತೆ ಒಂದು ಕಾಲಕ್ಕೆ,
ಈಗ ಇಳಿಯುವವು ಎರಡು.
ಬಾಗಿಲ ಎಡಗಂಬಕ್ಕೆ ಸೀಮೆಸುಣ್ಣದ ಗೀಟುಗಳು, ಮಗಳು ಬೆಳೆದದ್ದು.
ಬಲಗಂಬಕ್ಕೆ ಇದ್ದಲ ಗೀಟುಗಳು, ರಸ್ತೆ ಬೆಳೆದದ್ದು.
"ಮಗಳು ಎಸ್ಸೆಲ್ಸಿಗೆ ನಿಂತುಬುಟ್ಲು.
ಇದು ನಿಲ್ಲೋ ಹಂಗೆ ಕಾಣಕ್ಕಿಲ್ಲ."

ಒಳಗೆ, ಕತ್ತಲಲ್ಲಿ, ಹತ್ತು ಎಚ್‌ಪಿ ಮೋಟಾರು
ಇಟ್ಟಿಗೆಗಳ ಮೇಲೆ ಕೂತಿದೆ, ಮಂಟಪದಲ್ಲಿಟ್ಟ ಹಾಗೆ.
ಡಾಂಬರಿಗೆ ಎರಡು, ಮತ್ತೆ ಡಾಂಬರಿಗೆ ಎರಡು,
ಕಾಂಕ್ರೀಟಿಗೆ ಎರಡು.
ಹೋದ ವಾರದ ಮಳೆಗೆ ಬೀದಿಯ ನೀರೆಲ್ಲ ಒಳಗೆ ಬಂದು
ನಾಲ್ಕನೇ ಇಟ್ಟಿಗೆ ಮುಟ್ಟಿ ಹೋಗಿದೆ. ಕಲೆ ಇದೆ.
ಚರಂಡಿ? ಚರಂಡಿ ಬೇರೆ ಎಸ್ಟಿಮೇಟು,
ಮುಂದಿನ ವರ್ಷದ ಕ್ರಿಯಾಯೋಜನೆ.
ಹೇಳುವಾಗ ನನ್ನ ದನಿ ನನಗೇ ಸುತ್ತೋಲೆಯ ಹಾಗೆ ಕೇಳಿತು.

"ರಸ್ತೆ ಬ್ಯಾಡ ಅಂದೋಳಲ್ಲ ನಾನು.
ಮೊದ್ಲು ಈ ಊರಿನ ಕಾಳು ಬೀಸ್ತಿದ್ದೆ,
ಈಗ ಮೂರೂರಿನ ಮೂಟೆ ಟಿವಿಎಸ್ ಮೇಲೆ ಬತ್ತವೆ.
ಸಂಘದ ಸಾಲ ತೀರ್ಸಿದ್ದು ಈ ರಸ್ತೇನೇ.
ಬಂದೋರು ಬಗ್ಗಿ ಬರ್ತಾರೆ, ಅಷ್ಟೇ.
ಮುಂದಿನ ಸಲ ರಸ್ತೆ ಎತ್ತೋವಾಗ
ನನ್ನ ಗಿರಣೀನೂ ಒಂದು ಗೇಣು ಎತ್ಬುಡಿ."

ಸೋಮವಾರ ಮಂಡ್ಯದಲ್ಲಿ ಪ್ರಗತಿ ಪರಿಶೀಲನೆ.
ಪರದೆಯ ಮೇಲೆ ನಮ್ಮ ತಾಲ್ಲೂಕಿನ ಹಸಿರು ಕಂಬ
ಪಕ್ಕದ ತಾಲ್ಲೂಕಿನದಕ್ಕಿಂತ ಎತ್ತರವಿತ್ತು.
ಶಭಾಷ್ ಅಂದರು. ಬಿಸ್ಕೆಟ್ ತಟ್ಟೆ ಈ ಕಡೆ ಬಂತು.
ನನ್ನ ತೋಳಿನ ಮೇಲೆ ಇನ್ನೂ ಹಿಟ್ಟಿತ್ತು,
ಒರೆಸಿದಷ್ಟೂ ಹರಡಿತು.
ಅಳತೆ ಪುಸ್ತಕಕ್ಕೆ ಇರುವುದು ಮೂರೇ ಕಲಂ,
ಉದ್ದ, ಅಗಲ, ದಪ್ಪ.
ಯಾವುದರಿಂದ ದಪ್ಪ, ಯಾರ ಹೊಸಿಲಿನಿಂದ,
ಅದನ್ನು ಬರೆಯಲು ಜಾಗವಿಲ್ಲ.
ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದನ್ನು
ಆಡಿಟ್ಟಿನವರು ಕೇಳಿದರೆ ಅಳಿಸಬಹುದು.

ಹೊರಡುವಾಗ ಅವಳು ಕೇಳಿದ್ದು ಒಂದೇ:
ಆ ಕೊರೆದ ತುಂಡು.
"ದುಂಡಗದೆ, ಕೂರಕ್ಕಿಲ್ಲ," ಅಂದ ಜವರಾಯಿ.
"ನಿಲ್ಲುಸ್ತೀನಿ ಕೊಡ್ಲಾ. ಮುಂದಿನ ರಸ್ತೆಗೆ ಇರ್ಲಿ."

ಮೂರು ತುಂಡು ತೆಗೆದಿದ್ದೆವು.
ಎರಡು ಲ್ಯಾಬಿಗೆ ಹೋದವು, ಚೀಟಿ ಅಂಟಿಸಿಕೊಂಡು.
ಮೂರನೆಯದು ಒಡೆಯಿತು ಅಂತ ಬರೆದೆ.

ಒಡೆದಿರಲಿಲ್ಲ.